ಕಿಡಿಯ ರಕ್ತ ಹೇಳಿದ್ದು

ಮಾರ್ಚ್ ೪, ಮಂಗಳವಾರ

ಐಸಿಯು ಒಳಗೆ ಫೋನು ತರುವಂತಿಲ್ಲ. ಬೀಡಿ ಸೇದುವಂತಿಲ್ಲ. ಕಾಲ ಮೇಲೆ ಕಾಲು ಹಾಕಿ ಕೂತರೂ ನರ್ಸಮ್ಮ ಕಣ್ಣು ಕೆಂಪಗೆ ಮಾಡುತ್ತಾಳೆ. ಹಗಲೆಲ್ಲ ಕಬ್ಬಿಣದ ಕುರ್ಚಿಯಲ್ಲಿ ಕೂತು, ಎಚ್ಚರವೇ ಇಲ್ಲದ ಕೈದಿ ಓಡಿಹೋಗದಂತೆ ಕಾಯುವುದು ನನ್ನ ಕೆಲಸ. ಹೊತ್ತು ಹೋಗಲೆಂದು ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಯಾರೂ ಓದುವುದಕ್ಕಲ್ಲ.

ಕೈದಿಗೆ ಜೈಲಿನಲ್ಲಿ ಕಿಡಿ ಎಂದು ಹೆಸರು. ವೆಲ್ಡಿಂಗ್ ಕೆಲಸದವನು. ಕಬ್ಬಿಣದ ಸರಳಿನಿಂದ ತನ್ನ ಮೇಸ್ತ್ರಿಯ ತಲೆ ಒಡೆದು ಒಳಗೆ ಬಂದವನು. ನಿನ್ನೆ ಊಟದ ಸಾಲಿನಲ್ಲಿ ತಳ್ಳಾಟವಾಯಿತು. ನಾನು ಕುತ್ತಿಗೆ ಹಿಡಿದು ಪಕ್ಕಕ್ಕೆ ಎಳೆದೆ. ಅವನು ತಿರುಗಿದವನೇ ನನ್ನ ಕಿವಿಗೆ ಬಾಯಿ ಹಾಕಿದ. ಕಚ್ಚಿ, ಮೇಲಿನ ತುಂಡನ್ನು ನೆಲಕ್ಕೆ ಉಗಿದ.

ಅವನನ್ನು ಉಗ್ರಾಣಕ್ಕೆ ಎಳೆದುಕೊಂಡು ಹೋದವರು ಮೂವರು: ನಾನು, ನಮ್ಮ ಹೆಡ್ ವಾರ್ಡರ್ ಗೂಳಿ, ಜೊತೆಯ ವಾರ್ಡರ್ ಹಲ್ಲುಮುರುಕ. ಬಾಗಿಲು ಹಾಕಿಕೊಂಡೆವು. ಮೊದಲ ಏಟು ನನ್ನದು. ರಕ್ತ ಕತ್ತಿನೊಳಗೆ ಇಳಿಯುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ, ಲಾಠಿ ಮುರಿಯುವ ತನಕ ಹೊಡೆದೆ. ಆಮೇಲೆ ಗೂಳಿ. ಆಮೇಲೆ ಎಲ್ಲರ ಬೂಟುಗಾಲು. ಯಾರ ಏಟು ಎಲ್ಲಿ ಬಿತ್ತು ಎಂದು ಹೊಡೆದವರಿಗೇ ಗೊತ್ತಿಲ್ಲ. ಅವನು ವಾಂತಿ ಮಾಡಿಕೊಂಡ. ಒಂದು ಕಣ್ಣಿನ ಪಾಪೆ ದೊಡ್ಡದಾಯಿತು. ಗೊರಕೆ ಹೊಡೆಯತೊಡಗಿದ. "ನಾಟಕ ಆಡ್ತಾನೆ" ಎಂದು ಹಲ್ಲುಮುರುಕ ಇನ್ನೊಂದು ಒದ್ದ.

ವರದಿಯಲ್ಲಿ ಬರೆದದ್ದು: ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದಿದ್ದಾನೆ.

ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದಿದ್ದಾರೆ. ಮಿದುಳಿನ ಎಡಭಾಗ. ಎಡಗೈಯನ್ನು ಮಂಚದ ಸರಳಿಗೆ ಕೋಳ ಹಾಕಿ ಬಿಗಿದಿದೆ. ಇವನು ಎದ್ದರೆ ಬಾಯಿ ಬಿಡುತ್ತಾನೆ. ಬಾಯಿ ಬಿಟ್ಟರೆ ನಾವು ಮೂವರೂ ಅದೇ ಜೈಲಿನ ಒಳಗೆ. ಏಳದಿದ್ದರೆ ಕಾಲು ಜಾರಿ ಸತ್ತ ಒಬ್ಬ ಕೈದಿ. ಸಾಯಲಿ.

ನಿನ್ನೆ ರಾತ್ರಿ ಮನೆಗೆ ಹೋದಾಗ ಮನೆಯವಳು ಬ್ಯಾಂಡೇಜು ನೋಡಿ, "ಇನ್ಮೇಲೆ ನಿಮ್ಮ ಕಿವಿ ಮೇಲೆ ಹೂವಿಡೋಕೂ ಯಾರಿಗೂ ಜಾಗ ಇಲ್ಲ ಬಿಡಿ" ಎಂದಳು. ನಗಲು ಹೋದೆ, ಹೊಲಿಗೆ ಎಳೆಯಿತು. ಊಟದ ತಟ್ಟೆ ಎತ್ತಿ ಗೋಡೆಗೆ ಬೀಸಿದೆ. ಮಗಳು ಮಂಚದ ಕೆಳಗೆ ಹೋಗಿ ಕೂತಳು.

ಮಾರ್ಚ್ ೫, ಬುಧವಾರ

ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು ಕೈದಿಯ ತೋಳಿನಿಂದ ರಕ್ತ ತೆಗೆದರು. ಒಂದು ಕೊಳವೆ ಎಂದಿನ ತಪಾಸಣೆಗೆ, ಇನ್ನೊಂದು ಅವರ ಸಂಶೋಧನೆಗೆ.

"ಇನ್ನೂ ಎಷ್ಟು ಹೀರ್ತೀರಿ ಮೇಡಂ? ಇದ್ದಬದ್ದ ರಕ್ತ ಎಲ್ಲಾ ಉಗ್..." ನಾಲಿಗೆ ಕಚ್ಚಿಕೊಂಡೆ. "ಬಚ್ಚಲಲ್ಲೇ ಹರಿದುಹೋಗಿದೆ."

ಅವರಿಗೆ ಮಾತೆಂದರೆ ಇಷ್ಟ ಎಂದು ಕಾಣುತ್ತದೆ. ಕೊಳವೆಯನ್ನು ಅಂಗೈಯಲ್ಲಿ ಹೊರಳಿಸುತ್ತ ಹೇಳಿದರು: "ಮನೆ ಕುಸೀತಾ ಇದ್ರೆ ಚರಂಡೀಲಿ ಇಟ್ಟಿಗೆ ಪುಡಿ ಹರ್ಕೊಂಡು ಬರುತ್ತಲ್ಲ? ಹಾಗೇನೇ. ಮಿದುಳಿನ ಕೋಶ ಒಡೆದ್ರೆ ಅದರೊಳಗಿನ ಪ್ರೋಟೀನ್ ರಕ್ತಕ್ಕೆ ಸೋರುತ್ತೆ. ದಿನಾ ಅಳೀತಾ ಹೋದ್ರೆ, ಒಳಗೆ ಇನ್ನೂ ಕುಸೀತಿದ್ಯಾ ನಿಂತಿದ್ಯಾ ಅಂತ ಒಂದು ಅಂದಾಜು ಸಿಗುತ್ತೆ."

"ಅಂದ್ರೆ ಸಾಯ್ತಾನೋ ಬದುಕ್ತಾನೋ ಮೊದಲೇ ಗೊತ್ತಾಗುತ್ತೆ?"

"ಅಂದಾಜು ಅಂದೆ. ಸಂಖ್ಯೆ ಏರ್ತಾ ಹೋದ್ರೆ ಕಷ್ಟ, ಇಳಿದ್ರೆ ಆಸೆ ಇಟ್ಕೋಬಹುದು. ನೂರು ಜನರ ಬಗ್ಗೆ ಹೇಳಬಹುದು. ಈ ಒಬ್ಬನ ಬಗ್ಗೆ ಆಣೆ ಇಟ್ಟು ಹೇಳಕ್ಕಾಗಲ್ಲ."

ಇವತ್ತು ನಲವತ್ತು. ಆರೋಗ್ಯವಾಗಿರುವವನಿಗೆ ಒಂದೂ ಇರುವುದಿಲ್ಲವಂತೆ.

ಹೊರಗೆ ಬಂದು ಫೋನು ಹಚ್ಚಿದಾಗ ಗೂಳಿ ಕೇಳಿದ, "ಸ್ಕೋರ್ ಎಷ್ಟಪ್ಪಾ?"

"ನಲವತ್ತು. ಏರಿದ್ರೆ ಉಳಿಯೋದು ಕಷ್ಟ ಅಂತೆ."

"ಏರಲಿ, ಏರಲಿ. ಸೆಂಚುರಿ ಹೊಡೀಲಿ ನನ್ಮಗ."

ಇಬ್ಬರೂ ನಕ್ಕೆವು.

ಮಾರ್ಚ್ ೬, ಗುರುವಾರ

ಅರವತ್ತೆರಡು.

ಮಧ್ಯಾಹ್ನ ಕೈದಿಗೆ ಫಿಟ್ಸ್ ಬಂತು. ಮಂಚ ನೆಲದ ಮೇಲೆ ಕುಣಿಯಿತು. ಕೋಳ ಹಾಕಿದ ಕೈ ಗರಗಸದ ಹಾಗೆ ಹಿಂದೆ ಮುಂದೆ ಎಳೆದಾಡಿ, ಮಣಿಕಟ್ಟಿನ ಚರ್ಮ ಸುಲಿದು, ರಕ್ತ ಗೋಡೆಗೂ ನನ್ನ ಅಂಗಿಗೂ ಹಾರಿತು. ನರ್ಸಮ್ಮ ಕಿರುಚಿದಳು, "ಕೋಳ ಬಿಚ್ರೀ!"

"ಆರ್ಡರ್ ಇಲ್ಲ."

"ನಿಮ್ಮ ಆರ್ಡರಿಗಿಷ್ಟು ಬೆಂಕಿ ಬೀಳ! ಕಾಲಾದ್ರೂ ಹಿಡ್ಕೊಳ್ರಿ!"

ಕಾಲು ಹಿಡಿದುಕೊಂಡೆ. ಎಚ್ಚರವಿಲ್ಲದವನಿಗೆ ಅಷ್ಟು ಬಲ ಎಲ್ಲಿಂದ ಬರುತ್ತದೋ. ಒದೆತ ನನ್ನ ಎದೆಗೆ ಬಿತ್ತು. ನಾನೂ ತಿರುಗಿ ಒಂದು ಗುದ್ದು ಕೊಟ್ಟೆ, ತೊಡೆಗೆ. ನರ್ಸಮ್ಮ ಸೂಜಿ ಚುಚ್ಚುತ್ತಿದ್ದಳು, ನೋಡಲಿಲ್ಲ. ನಿಂತ ಮೇಲೆ ನೋಡಿದರೆ ನಾಲಿಗೆ ಕಚ್ಚಿಕೊಂಡು ಬಾಯಿ ತುಂಬ ರಕ್ತ.

ಗೂಳಿಗೆ ಖುಷಿಯಾಯಿತು. "ನಾಳೆ ನಾಡಿದ್ದರಲ್ಲಿ ಮುಗೀತು" ಎಂದ. ನನಗೂ ಸಮಾಧಾನವೇ. ಊಟ ಸೇರಲಿಲ್ಲ. ಅಂಗಿಯ ವಾಸನೆ.

ಮಾರ್ಚ್ ೮, ಶನಿವಾರ

ಕೈದಿಯ ಅಕ್ಕ ಬಂದಿದ್ದಳು. ಲಾಂಡ್ರಿಯಲ್ಲಿ ಕೆಲಸವಂತೆ. ನೆನೆದ ಚಾದರ ಹಿಂಡಿ ಹಿಂಡಿ ಗಂಡಸಿನ ಹಾಗೆ ತೋಳು. ಒಳಗೆ ಬಿಡುವುದಿಲ್ಲ ಎಂದೆ.

"ಡಾಕ್ಟ್ರು ಅವನ ಗಾಯದ ಫೋಟೋ ತೋರಿಸಿದ್ರು" ಎಂದಳು. "ಬಚ್ಚಲಲ್ಲಿ ಜಾರಿದೋನಿಗೆ ಬೆನ್ನ ಮೇಲೆ ಬೂಟಿನ ಗುರುತು ಹೇಗ್ರೀ ಬಂತು? ನಿಮ್ಮ ಬಚ್ಚಲು ಬೂಟು ಹಾಕ್ಕೊಂಡು ಓಡಾಡುತ್ತಾ?"

"ನಂಗೊತ್ತಿಲ್ಲಮ್ಮ. ನಾನು ಕಾಯೋನು ಅಷ್ಟೇ."

"ಕಾಯೋನು! ಕುರಿ ಕಾಯೋಕೆ ತೋಳ!" ಎಂದವಳೇ ಮುಷ್ಟಿ ಕಟ್ಟಿ ನನ್ನ ಬ್ಯಾಂಡೇಜಿನ ಮೇಲೆ ಹೊಡೆದಳು. ಕಣ್ಣು ಕತ್ತಲಿಟ್ಟಿತು. ಕುತ್ತಿಗೆಗೆ ಕೈ ಹಾಕಿ ಅವಳನ್ನು ಗೋಡೆಗೆ ಒತ್ತಿದೆ. ತಲೆ ಗೋಡೆಗೆ ಬಡಿದ ಸದ್ದು ಕೇಳಿತು. ಅವಳು ಅಳಲಿಲ್ಲ, ನನ್ನ ಕಣ್ಣನ್ನೇ ನೋಡುತ್ತ, "ಇನ್ನೂ ಒತ್ತು. ತಮ್ಮನ ಪಕ್ಕದಲ್ಲೇ ಮಂಚ ಹಾಕ್ಸು" ಎಂದಳು. ಕೈ ತೆಗೆದೆ. ಕೈದಿಯ ಹಾಗೇ ಅಗಲವಾದ ಹಣೆ ಅವಳದ್ದೂ.

ಎರಡು ಹೊಲಿಗೆ ಕಿತ್ತುಹೋದವು.

ನಾಳೆಯಿಂದ ಅವಳನ್ನು ಹತ್ತು ನಿಮಿಷ ಒಳಗೆ ಬಿಡುವುದು. ಇಲ್ಲದಿದ್ದರೆ ದಿನಾ ಇದೇ ರಂಪ.

ಮಾರ್ಚ್ ೧೦, ಸೋಮವಾರ

ಅರವತ್ತೈದು. ಗಂಟಲಿಗೆ ತೂತು ಮಾಡಿ ಉಸಿರಾಟದ ನಳಿಕೆ ಇಟ್ಟಿದ್ದಾರೆ.

ಬೆನ್ನು ಹುಣ್ಣಾಗದಂತೆ ಅವನನ್ನು ಆಗಾಗ ಮಗ್ಗುಲು ತಿರುಗಿಸಬೇಕು. ನರ್ಸಮ್ಮ ಒಬ್ಬಳೇ ಒದ್ದಾಡುತ್ತಿದ್ದಳು. "ಕಂಬದ ಹಾಗೆ ಕೂತಿದ್ದೀರಲ್ಲ, ಒಂದು ಕೈ ಹಾಕಿ" ಎಂದಳು. ಹಾಕಿದೆ. ಹೆಣಭಾರ ಎನ್ನುತ್ತಾರಲ್ಲ, ಬದುಕಿರುವವನ ಭಾರ ಅದಕ್ಕಿಂತ ಹೆಚ್ಚು. ಬೆನ್ನು ನೋಡಿದೆ. ಊದಾ, ಹಸಿರು, ಹಳದಿ. ಲಾಠಿಯ ಬರೆಗಳು ಪಕ್ಕಪಕ್ಕದಲ್ಲಿ ಗೆರೆ ಎಳೆದಂತೆ ಇವೆ. ಗೂಳಿ ಅಡ್ಡಾದಿಡ್ಡಿ ಬೀಸುವವನು. ಇಷ್ಟು ಅಚ್ಚುಕಟ್ಟಾಗಿ ಹೊಡೆಯುವವನು ನಾನೇ.

ನಳಿಕೆಯಿಂದ ಕಫ ಎಳೆಯುವುದು ಹೇಗೆಂದು ನೋಡಿಕೊಂಡೆ. ಕಲಿತರೆ ಒಳ್ಳೆಯದು, ಹೊತ್ತು ಹೋಗುತ್ತದೆ.

ಮಾರ್ಚ್ ೧೧, ಮಂಗಳವಾರ

ಅರವತ್ತೈದೇ. ಕೋಳದ ಕೆಳಗೆ ಮೆತ್ತನೆ ಬಟ್ಟೆ ಸುತ್ತಿದೆ. ಗಾಯದ ಕೀವು ತಗುಲಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಸರ್ಕಾರಿ ಆಸ್ತಿ.

ಮಾರ್ಚ್ ೧೩, ಗುರುವಾರ

ಡಾಕ್ಟರಮ್ಮ ಬಾಗಿಲಿನಿಂದಲೇ ಬೆರಳು ಕೆಳಗೆ ಮಾಡಿ ತೋರಿಸಿದರು. ಐವತ್ತೊಂದು! ಹದಿನಾಲ್ಕು ಇಳಿದಿದೆ.

"ಇಷ್ಟೊಂದು ಹಲ್ಲು ಕಿಸೀಬೇಡಿ. ಒಂದು ದಿನದ ಇಳಿತ ಇದು" ಎಂದರು. ನಾನೆಲ್ಲಿ ಹಲ್ಲು ಕಿಸಿದೆ?

ಸಂಜೆ ಗೂಳಿಯ ಫೋನು. "ಸ್ಕೋರ್?"

"ಎಪ್ಪತ್ತು" ಎಂದೆ.

ಯಾಕೆ ಹಾಗೆಂದೆನೋ. ಒಂದು ಕಿವಿಗೆ ಬ್ಯಾಂಡೇಜು, ಇನ್ನೊಂದರಲ್ಲಿ ರಸ್ತೆಯ ಗದ್ದಲ. ಅವನು ಏನು ಕೇಳಿದನೋ ನಾನು ಏನು ಹೇಳಿದೆನೋ.

ಮಾರ್ಚ್ ೧೫, ಶನಿವಾರ

ಇವತ್ತು ಐಸಿಯುನಲ್ಲಿ ಮಾರಾಮಾರಿ. ಮೂರನೇ ಮಂಚದ ಮುದುಕ ತೀರಿಕೊಂಡ. ಅವನ ಕಡೆಯವರು ಬಾಗಿಲ ಗಾಜು ಒಡೆದು ನುಗ್ಗಿದರು. ಡಾಕ್ಟರಮ್ಮನ ಜುಟ್ಟು ಹಿಡಿದು ಒಬ್ಬ ಎಳೆದ. ಇನ್ನೊಬ್ಬ ಸಲೈನ್ ಕಂಬ ಕಿತ್ತು ಕಂಡಕಂಡ ಯಂತ್ರಕ್ಕೆ ಬೀಸುತ್ತ ನಮ್ಮ ಮಂಚದ ಕಡೆ ಬಂದ. ಉಸಿರಾಟದ ಯಂತ್ರಕ್ಕೆ ಒಂದೇ ಏಟು ಬಿದ್ದಿದ್ದರೂ ಕಿಡಿಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಅಡ್ಡ ನಿಂತೆ. ಕಂಬ ಭುಜಕ್ಕೆ ಬಿತ್ತು. ಲಾಠಿಯ ತುದಿಯಿಂದ ಅವನ ಮೂಗಿಗೆ ಕೊಟ್ಟೆ. ಮೂಗು ಮುರಿದದ್ದು ಲಾಠಿಯೊಳಗಿಂದ ಕೈಗೆ ಗೊತ್ತಾಯಿತು. ಬಿದ್ದವನನ್ನು ಕಾಲು ಹಿಡಿದು ಹೊರಗೆ ಎಳೆದು ಹಾಕಿದೆ. ಉಳಿದವರು ಹಿಂದೆ ಸರಿದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಕಿಡಿಯ ಪಾಲಿಗೆ ಇವತ್ತು ತಪ್ಪಿತು.

ಡ್ಯೂಟಿ. ಬೇರೇನಲ್ಲ.

ಡಾಕ್ಟರಮ್ಮನ ತುಟಿ ಒಡೆದಿತ್ತು. ಹಾಗೇ ಬಂದು ರಕ್ತ ತೆಗೆದರು. ಮೂವತ್ತಮೂರು. ಗೂಳಿಗೆ ಎಪ್ಪತ್ತೆಂಟು ಎಂದೆ.

ಮನೆಯಲ್ಲಿ ಭುಜಕ್ಕೆ ಬಿಸಿನೀರಿನ ಶಾಖ ಕೊಡುತ್ತ ಮನೆಯವಳು ಕೇಳಿದಳು, "ಕಿವಿ ಕಚ್ಚಿದೋನಿಗಾಗಿ ಭುಜಾನೂ ಮುರ್ಕೊಂಡ್ರಾ? ಮಗಳಿಗೆ ಜ್ವರ ಬಂದಾಗ ಒಂದು ದಿನ ಹಣೆ ಮುಟ್ಟಿ ನೋಡಿದೋರಲ್ಲ ನೀವು. ಅವನ ಬಾಯಿ ಒರೆಸ್ತೀರಂತೆ, ಊಟ ಕೊಡೋಕೆ ಬಂದಾಗ ನರ್ಸು ಹೇಳಿದ್ಳು."

"ಅದು ಬೇರೆ" ಎಂದೆ. ಹೇಗೆ ಬೇರೆ ಎಂದು ಕೇಳಿದಳು. ನಿದ್ದೆ ಬರುತ್ತಿದೆ ಎಂದೆ.

ಮಾರ್ಚ್ ೧೭, ಸೋಮವಾರ

ಹತ್ತೊಂಬತ್ತು. ಕಣ್ಣು ಬಿಟ್ಟ!

ಕಫ ಎಳೆಯುತ್ತಿದ್ದೆ. ರೆಪ್ಪೆ ಅದುರಿತು. ಎಡಗಣ್ಣು ಮೊದಲು, ಆಮೇಲೆ ಬಲಗಣ್ಣು. ಎಲ್ಲೋ ನೋಡಿದ. ನನ್ನ ಮುಖದ ಹತ್ತಿರ ಬಂದು ದೃಷ್ಟಿ ನಿಂತ ಹಾಗಾಯಿತು, ಮತ್ತೆ ಮುಚ್ಚಿದ. ಅಕ್ಕ ಬಂದಾಗ ಹೇಳಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಮೊನ್ನೆ ಯಂತ್ರಕ್ಕೆ ಅಡ್ಡ ನಿಂತದ್ದನ್ನು ನರ್ಸಮ್ಮ ಅವಳಿಗೆ ಹೇಳಿಬಿಟ್ಟಿದ್ದಾಳೆ. "ಅವತ್ತು ಕಿವಿಗೆ ಹೊಡೆದೆ, ಮನಸ್ಸಲ್ಲಿಟ್ಕೋಬೇಡಿ ಅಣ್ಣ" ಎಂದಳು. ನಾನು ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಹತ್ತು ನಿಮಿಷ ಮುಗಿಯಿತು.

ಬಲಗೈ, ಬಲಗಾಲು ಅಲುಗುತ್ತಿಲ್ಲ. ಮಿದುಳಿನ ಎಡಕ್ಕೆ ಪೆಟ್ಟಾದರೆ ಮೈಯ ಬಲಭಾಗ ಹೋಗುತ್ತದಂತೆ, ಮಾತೂ ಹೋಗಬಹುದಂತೆ. ಕೈಯನ್ನು ನಾವೇ ಆಡಿಸುತ್ತಿರಬೇಕು ಎಂದು ವ್ಯಾಯಾಮ ಮಾಡಿಸುವ ಫಿಸಿಯೋ ಹೇಳಿಕೊಟ್ಟಳು. ಮೊದಲು ಭುಜ, ಆಮೇಲೆ ಮೊಣಕೈ, ಮಣಿಕಟ್ಟು, ಕೊನೆಗೆ ಒಂದೊಂದೇ ಬೆರಳು. ಮರದ ತುಂಡಿನ ಹಾಗಿದೆ.

ನನ್ನ ಹಗಲ ಪಾಳಿ ಮುಗಿದು, ರಾತ್ರಿ ಪಾಳಿಗೆ ಹಲ್ಲುಮುರುಕ ಬಂದ. ನರ್ಸಮ್ಮ ಸಂಭ್ರಮದಲ್ಲಿ ಅವನಿಗೂ ಹೇಳಿದಳು. ಅವನ ಮುಖ ಬಿಳುಚಿಕೊಂಡಿತು. ನರ್ಸಮ್ಮನ ಬಾಯಿ ತಡೆಯಲು ಆಗಲಿಲ್ಲ.

ಮಾರ್ಚ್ ೨೦, ಗುರುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಗೆ ಪ್ಲಾಸ್ಟರು. ದವಡೆ ಮುರಿದಿದೆ, ತಂತಿ ಕಟ್ಟಿದ್ದಾರೆ. ಅದೇ ಆಸ್ಪತ್ರೆ, ಒಂದು ಮಹಡಿ ಕೆಳಗೆ.

ಮೊನ್ನೆ ಮಧ್ಯಾಹ್ನ ಗೂಳಿ ಬಂದ. ಪರದೆ ಎಳೆದ. ಮಂಚದ ಪಕ್ಕ ನಿಂತು ಕಿಡಿಯನ್ನು ಬಹಳ ಹೊತ್ತು ನೋಡಿದ.

"ಎಪ್ಪತ್ತೆಂಟು ಅಂದ್ಯಲ್ಲ."

ನಾನು ಕಿಡಿಯ ಹೊದಿಕೆಯನ್ನು ಎದೆಯ ತನಕ ಎಳೆದೆ.

"ನಂಗೆ ಇನ್ನು ಎರಡು ವರ್ಷ ಸರ್ವೀಸು. ಮಗಳ ಮದುವೆ ಬಾಕಿ. ನಿನಗೂ ಹೆಂಡ್ತಿ ಮಗಳು ಇದ್ದಾರೆ. ನಿನ್ನ ಕಿವಿಗೋಸ್ಕರ ಕೈ ಎತ್ತಿದೋನು ನಾನು, ಮರೀಬೇಡ." ಹೆಗಲ ಮೇಲೆ ಕೈ ಇಟ್ಟ. "ಹೋಗು, ಟೀ ಕುಡ್ಕೊಂಡು ಬಾ. ನಿಧಾನವಾಗಿ ಕುಡಿ. ಇವನು ಕೆಮ್ಮಿದ, ನಳಿಕೆ ಕಿತ್ಕೊಂಡ. ಯಾರ ತಪ್ಪೂ ಇಲ್ಲ."

ಹೋದೆ. ಮೆಟ್ಟಿಲ ತನಕ ಹೋದೆ. ಈ ಹೊತ್ತಿನಲ್ಲಿ ಟೀ ಚೆನ್ನಾಗಿರುವುದಿಲ್ಲ ಎನ್ನಿಸಿ ತಿರುಗಿ ಬಂದೆ.

ಪರದೆ ಸರಿಸಿದರೆ, ಗೂಳಿ ಯಂತ್ರದ ಕೊಳವೆ ಕಳಚಿ ಗಂಟಲಿನ ತೂತಿನ ಮೇಲೆ ಹೆಬ್ಬೆರಳು ಒತ್ತಿದ್ದ. ಕಿಡಿಯ ಕಣ್ಣು ತೆರೆದಿತ್ತು. ಕೋಳದ ಕೈ ಸರಳನ್ನು ಬಡಿಯುತ್ತಿತ್ತು. ಮುಖ ನೀಲಿ. ಯಂತ್ರ ಕೂಗುತ್ತಿತ್ತು.

ಕುರ್ಚಿ ಎತ್ತಿ ಗೂಳಿಯ ಬೆನ್ನಿಗೆ ಹಾಕಿದೆ. ಅವನು ತಿರುಗಿ ನನ್ನ ಬ್ಯಾಂಡೇಜನ್ನೇ ಹಿಡಿದು ಹರಿದ. ಕೂಗಿಕೊಂಡೆ. ಆಕ್ಸಿಜನ್ ಸಿಲಿಂಡರಿನ ಸ್ಪ್ಯಾನರು ಅವನ ಕೈಗೆ ಸಿಕ್ಕಿತು. ಮೊದಲ ಏಟಿಗೆ ದವಡೆ ಹೋಯಿತು, ಹಲ್ಲು ನಾಲಿಗೆಯ ಮೇಲೆ ಬಂತು. ಎರಡನೆಯದನ್ನು ಕೈ ಅಡ್ಡ ಹಿಡಿದು ತಡೆದೆ, ಮೂಳೆ ಮುರಿಯಿತು. ಮೂರನೆಯದಕ್ಕೆ ಅವನು ಕೈ ಎತ್ತುವಷ್ಟರಲ್ಲಿ ಬೂಟುಗಾಲಿನಿಂದ ಅವನ ಮಂಡಿಗೆ ಪಕ್ಕದಿಂದ ಒದ್ದೆ. ಮಂಡಿ ಬಾಗಬಾರದ ಕಡೆಗೆ ಬಾಗಿತು. ಬಿದ್ದ. ಬಿದ್ದವನ ಮೇಲೆ ಕೂತು ಗುದ್ದಿದೆ. ಮುಖ ಗುರುತು ಸಿಗದ ತನಕ ಗುದ್ದಿದೆ. ನರ್ಸಮ್ಮ ಓಡಿಬಂದಾಗ ನಾನು ಬಾಯಿ ತುಂಬ ರಕ್ತ ಇಟ್ಟುಕೊಂಡು "ಕೊಳವೆ, ಕೊಳವೆ" ಎನ್ನುತ್ತಿದ್ದೆನಂತೆ.

ಅವಳು ಕೊಳವೆ ಜೋಡಿಸಿದಳು. ಎದೆ ಏರಿತು, ಇಳಿಯಿತು. ಅದನ್ನು ನೋಡಿದ್ದು ನೆನಪಿದೆ. ಆಮೇಲಿನದು ಇಲ್ಲ.

ಮಾರ್ಚ್ ೨೫, ಮಂಗಳವಾರ

ಗೂಳಿ ಪೊಲೀಸ್ ಕಾವಲಿನಲ್ಲಿ ಇನ್ನೊಂದು ಆಸ್ಪತ್ರೆಯಲ್ಲಿದ್ದಾನೆ. ನಳಿಕೆ ಕಳಚಿಕೊಂಡಿತ್ತು, ಜೋಡಿಸಲು ಹೋಗಿದ್ದೆ ಎನ್ನುತ್ತಾನಂತೆ. ಗಂಟಲ ಮೇಲಿನ ಹೆಬ್ಬೆರಳ ಗುರುತನ್ನು ನರ್ಸಮ್ಮ ತೋರಿಸಿದ್ದಾಳೆ. ಅದರಿಂದಾಗಿ ಬಚ್ಚಲಿನ ಕಥೆಯನ್ನೂ ಮತ್ತೆ ಕೆದಕುತ್ತಿದ್ದಾರೆ. ಗೂಳಿ, ಹಲ್ಲುಮುರುಕ ಇಬ್ಬರೂ ಬಚ್ಚಲನ್ನು ಬಿಡುತ್ತಿಲ್ಲ. ಉಗ್ರಾಣದ ಮಾತು ಎತ್ತಿದರೆ ತಾವೂ ಅದರೊಳಗೆ ಬೀಳುತ್ತಾರಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬಾಯಿಗೆ ತಂತಿ ಇದೆ.

ಗಾಯದ ರಜೆಯಲ್ಲಿದ್ದೇನೆ. ಆದರೂ ದಿನಾ ಹತ್ತಕ್ಕೆ ಮೇಲಿನ ಮಹಡಿಗೆ ಹೋಗುತ್ತೇನೆ. ನನ್ನ ಒಂದು ಕೈಗೆ ಪ್ಲಾಸ್ಟರು, ಅವನ ಒಂದು ಕೈಗೆ ಕೋಳ. ಉಳಿದ ಎರಡು ಕೈ ಸೇರಿ ವ್ಯಾಯಾಮ. "ಇಬ್ರೂ ಸೇರಿದ್ರೆ ಒಬ್ಬ ಪೂರ್ತಿ ಮನುಷ್ಯ ಆಗ್ತೀರಿ" ಎಂದು ಅಕ್ಕ ನಗುತ್ತಾಳೆ. ಸಂಖ್ಯೆ ನಾಲ್ಕು. ನಳಿಕೆ ತೆಗೆದಿದ್ದಾರೆ. ಮಾತಿಲ್ಲ. ಬಲಗೈ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಡಾಕ್ಟರಮ್ಮ, "ರಕ್ತ ಹೇಳೋದು ಇಲ್ಲಿವರೆಗೆ ಅಷ್ಟೇ. ಇನ್ನು ಮುಂದಿಂದು ನಿಮ್ಮ ಕೈಲಿ, ಅವನ ಹಟದಲ್ಲಿ" ಎಂದರು.

ಅವನು ಒಮ್ಮೊಮ್ಮೆ ನನ್ನನ್ನೇ ನೋಡುತ್ತಾನೆ. ಬಿಸಿಲು ಕಣ್ಣಿಗೆ ಬೀಳುತ್ತದೆಯೇನೋ ಎಂದು ಕಿಟಕಿಯ ಪರದೆ ಎಳೆದೆ. ಆದರೂ ನೋಡುತ್ತಾನೆ.

ಏಪ್ರಿಲ್ ೩, ಗುರುವಾರ

ತನಿಖಾಧಿಕಾರಿ ಬಂದಿದ್ದರು. ಡಾಕ್ಟರಮ್ಮ, ಅಕ್ಕ, ನಾನು ಇದ್ದೆವು. ಅಂದು ಜೈಲಿನಲ್ಲಿ ಡ್ಯೂಟಿಯಲ್ಲಿದ್ದವರ ಫೋಟೋಗಳನ್ನು ಅಧಿಕಾರಿ ಹೊದಿಕೆಯ ಮೇಲೆ ಹರಡಿದರು. ನನ್ನ ಕಡೆ ನೋಡಿ, "ನಿಮ್ಮದು ತಂದಿಲ್ಲ. ಕಾಪಾಡಿದವರ ಫೋಟೋ ಯಾಕೆ?" ಎಂದರು. ಅಕ್ಕ ತಲೆಯಾಡಿಸಿದಳು.

"ನಿನ್ನ ಹೊಡೆದೋರು ಯಾರು? ತೋರಿಸಪ್ಪ. ನಿಧಾನವಾಗಿ."

ಎಡಗೈಗೆ ಕೋಳ. ಸರಪಳಿ ಎಳೆದು ನೋಡಿದ, ಎಟುಕಲಿಲ್ಲ. ಬಿಚ್ಚಿರೆಂದು ಡಾಕ್ಟರಮ್ಮ ಹೇಳುವಷ್ಟರಲ್ಲಿ ಹೊದಿಕೆಯ ಕೆಳಗೆ ಏನೋ ಅಲುಗಿತು. ಬಲಗೈ! ಮೊದಲು ಭುಜ ನಡುಗಿತು. ಆಮೇಲೆ ಮೊಣಕೈ ಹಾಸಿಗೆ ಬಿಟ್ಟಿತು. ಹಣೆಯಲ್ಲಿ ಬೆವರು, ಕತ್ತಿನ ನರ ಹುರಿಯ ಹಾಗೆ ಬಿಗಿದಿತ್ತು. ನಿನ್ನೆ ಮಣಿಕಟ್ಟು ಕೂಡ ಎತ್ತಲಾಗಿರಲಿಲ್ಲ ಅವನಿಗೆ. ಕೈ ಗೂಳಿಯ ಫೋಟೋ ದಾಟಿತು. ಹಲ್ಲುಮುರುಕನದನ್ನು ದಾಟಿತು. ಗಾಳಿಯಲ್ಲಿ ತೂಗಾಡುತ್ತ ಇನ್ನೂ ಮೇಲೆ ಬಂತು, ಮಂಚದ ಕಾಲ ಕಡೆ ತಿರುಗಿತು. ನಾಲ್ಕು ಬೆರಳು ಮಡಚಿಕೊಂಡವು. ತೋರುಬೆರಳು ಒಂದೇ ನೆಟ್ಟಗೆ ನಿಂತಿತು. ಸ್ವಲ್ಪವೂ ವಾಲಲಿಲ್ಲ.

ಅಲ್ಲಿ ನಾನು ನಿಂತಿದ್ದೆ.

"ಇವರಲ್ಲಪ್ಪ," ಎಂದರು ಅಧಿಕಾರಿ, "ಇವರು ನಿನ್ನ..."

"ಸರಿಯಾಗಿ ತೋರಿಸ್ತಿದ್ದಾನೆ ಸಾರ್" ಎಂದೆ. ತಂತಿಯ ಸಂದಿನಿಂದ ಅಷ್ಟು ಸ್ಪಷ್ಟವಾಗಿ ಮಾತು ಬಂದದ್ದು ಇದೇ ಮೊದಲು. "ಉಗ್ರಾಣದಲ್ಲಿ. ಮೊದಲನೇ ಏಟು ನಂದೇ. ಅವರಿಬ್ರೂ ಇದ್ರು." ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ ಹೇಳಿದೆ, "ನೋಡಿದ್ರಾ ಮೇಡಂ? ಬಲಗೈ! ಭುಜದಿಂದ ಎತ್ತಿದ!"

ಅವರು ಕೈಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಇಷ್ಟು ದಿನ ಅಳೆದವರು, ಇಂಥ ಹೊತ್ತಿನಲ್ಲಿ ಕೈಯನ್ನೇ ನೋಡದಿದ್ದರೆ ಹೇಗೆ? ಅಕ್ಕ ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡು ಕಿವಿಯ ಕಡೆಯನ್ನೇ ಅವಳಿಗೆ ಕೊಟ್ಟು ನಿಂತೆ. ಹೊಡೆಯಲಿಲ್ಲ. ದಾಟಿ ಹೋಗಿ, ಅವನ ಎತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹೊದಿಕೆಯ ಮೇಲೆ ಇಳಿಸಿದಳು. ನನಗೆ ಬೆನ್ನು ಹಾಕಿ ಕೂತಳು.

ನಾಳೆ ಬೆಳಗ್ಗೆ ಹತ್ತಕ್ಕೆ ಠಾಣೆಗೆ ಬರಬೇಕೆಂದಿದ್ದಾರೆ. ಬಟ್ಟೆಬರೆ ತನ್ನಿ ಎಂದಿದ್ದಾರೆ, ಅಂದರೆ ಒಳಗೇ ಇಟ್ಟುಕೊಳ್ಳುತ್ತಾರೆ. ಮನೆಯವಳು ಚೀಲ ತುಂಬುತ್ತಿದ್ದಾಳೆ. ಮಗಳು ಪಕ್ಕದಲ್ಲಿ ಕೂತು ನಾನು ಎಡಗೈಯಲ್ಲಿ ಬರೆಯುವುದನ್ನು ನೋಡಿ ನಗುತ್ತಿದ್ದಾಳೆ.

ಹತ್ತಕ್ಕೇ ಅವನ ವ್ಯಾಯಾಮದ ಹೊತ್ತು. ಭುಜ, ಮೊಣಕೈ ಪರವಾಗಿಲ್ಲ. ಹೆಬ್ಬೆರಳು ಮಾತ್ರ ಇನ್ನೂ ಬಿಗಿ. ಅದನ್ನು ಎಳೆಯಬಾರದು, ಬುಡದಲ್ಲಿ ಹಿಡಿದು ಸುತ್ತಿಸಬೇಕು. ಅಕ್ಕ ನನ್ನ ಫೋನು ಎತ್ತುವುದಿಲ್ಲ. ಠಾಣೆಗೆ ಹೋಗುವ ಮುಂಚೆ ನರ್ಸಮ್ಮನಿಗಾದರೂ ಹೇಳಿ ಹೋಗಬೇಕು.